ದೊಡ್ಡಿ, ತಾಂಡಾ, ಗಡ್ಡಿ, ಕ್ಯಾಂಪು: ಯಾದಗಿರಿ ಜಿಲ್ಲೆಯ ದಾಖಲೆ ರಹಿತ ಜನವಸತಿಗಳ ಚರಿತ್ರೆ ಮತ್ತು ಭೂಗೋಳ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)

ಕಂದಾಯ ದಾಖಲೆಗಳಲ್ಲಿ ‘ಬೇಚರಾಕ್’ ಎಂಬ ಒಂದು ಹಳೆಯ ಪದವಿದೆ. ದೀಪವಿಲ್ಲದ್ದು ಎಂಬುದು ಅದರ ಮೂಲಾರ್ಥ. ಪಾರಸಿಯಿಂದ ಬಂದ ಈ ಪದವನ್ನು ನಿಜಾಮರ ಆಡಳಿತವಿದ್ದ ಈ ಸೀಮೆಯಲ್ಲಿ ಇಂದಿಗೂ ಬಳಸಲಾಗುತ್ತದೆ. ರೋಗರುಜಿನ, ಬರ, ನೆರೆ ಅಥವಾ ಮುಳುಗಡೆಯಿಂದ ಜನರು ಬಿಟ್ಟುಹೋದ ಊರಿಗೆ ಆ ಹೆಸರು. ಅಲ್ಲಿ ಒಂದು ಮನೆಯೂ ಇರುವುದಿಲ್ಲ, ಸಂಜೆಗೆ ಒಂದು ದೀಪವೂ ಹತ್ತುವುದಿಲ್ಲ. ಆದರೂ ಅದಕ್ಕೆ ಗ್ರಾಮನಕ್ಷೆಯಿದೆ, ಎಲ್ಲೆಕಲ್ಲುಗಳಿವೆ, ಸರ್ವೆ ಸಂಖ್ಯೆಗಳಿವೆ, ಜನಗಣತಿಯ ಪಟ್ಟಿಯಲ್ಲಿ ಸ್ಥಾನವೂ ಇದೆ.

ಇದಕ್ಕೆ ತದ್ವಿರುದ್ಧವಾದ ಊರುಗಳೂ ಇದೇ ಜಿಲ್ಲೆಯಲ್ಲಿವೆ. ಅಲ್ಲಿ ಮನೆಗಳಿವೆ, ಗುಡಿಯಿದೆ, ದನಕರುಗಳಿವೆ, ಮೂರು ನಾಲ್ಕು ತಲೆಮಾರುಗಳ ಬದುಕು ಇದೆ. ಆದರೆ ಗ್ರಾಮನಕ್ಷೆಯಲ್ಲಿ ಆ ಸ್ಥಳದಲ್ಲಿ ಒಂದು ಹೊಲದ ಸರ್ವೆ ಸಂಖ್ಯೆ ಮಾತ್ರ ಕಾಣುತ್ತದೆ. ಸುರಪುರ, ಹುಣಸಗಿ ಭಾಗದ ದೊಡ್ಡಿಗಳು, ಯಾದಗಿರಿ, ಗುರುಮಠಕಲ್, ಶಹಾಪುರ ಭಾಗದ ತಾಂಡಾಗಳು, ಕೃಷ್ಣೆಯ ನಡುವಿನ ಗಡ್ಡಿಗಳು, ಕಾಲುವೆಯ ಬದಿಯ ಕ್ಯಾಂಪುಗಳು ಈ ಬಗೆಯ ಊರುಗಳು. ಕಾನೂನಿನ ಭಾಷೆಯಲ್ಲಿ ಇವು ‘ದಾಖಲೆ ರಹಿತ ಜನವಸತಿಗಳು’.

ಇಂತಹ ವಸತಿಗಳು ಆಕಸ್ಮಿಕವಾಗಿಯೋ ಅತಿಕ್ರಮಣದಿಂದಲೋ ಹುಟ್ಟಿದವು ಎಂಬ ಭಾವನೆ ಹಲವೆಡೆ ಉಂಟು. ಆ ಭಾವನೆ ಸರಿಯಲ್ಲ. ಪ್ರತಿಯೊಂದು ಬಗೆಯ ವಸತಿಗೂ ಅದನ್ನು ಹುಟ್ಟಿಸಿದ ನೆಲ, ನೀರು ಮತ್ತು ಕಸುಬು ಇವೆ. ಆ ಚರಿತ್ರೆಯನ್ನು ತಿಳಿದ ಸದಸ್ಯರಿಗೆ ತಮ್ಮ ವಾರ್ಡಿನ ದೊಡ್ಡಿಯೋ ತಾಂಡಾವೋ ಕಂದಾಯ ಗ್ರಾಮವಾಗಲು ಬೇಕಾದ ಪುರಾವೆಯನ್ನು ಒದಗಿಸುವುದು ಸುಲಭವಾಗುತ್ತದೆ. ಈ ಪಾಠದ ಉದ್ದೇಶ ಅದೇ.

1. ನೆಲದ ಸ್ವರೂಪ

ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ಯಾದಗಿರಿ ರಾಜ್ಯದ 30ನೆಯ ಜಿಲ್ಲೆಯಾಯಿತು. ಆಗ ಇದ್ದುದು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳು. ಮುಂದೆ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ಸೇರಿ ಆರಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11,74,271. ಇವರಲ್ಲಿ ಹತ್ತರಲ್ಲಿ ಎಂಟು ಮಂದಿ ಗ್ರಾಮೀಣರು.

ಕೃಷ್ಣಾ ನದಿ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ಹರಿಯುತ್ತದೆ. ಭೀಮಾ ನದಿ ಉತ್ತರದಿಂದ ಬಂದು ಯಾದಗಿರಿ ನಗರದ ಮಗ್ಗುಲಲ್ಲಿ ಸಾಗಿ, ಆಗ್ನೇಯ ದಿಕ್ಕಿನ ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸುರಪುರ, ಹುಣಸಗಿ, ಶಹಾಪುರ, ವಡಗೇರಾಗಳು ಈ ಎರಡು ನದಿಗಳ ನಡುವಿನ ನಾಡು. ಈ ನಾಡಿನಲ್ಲಿ ಬಯಲಿನ ಎರೆ ನೆಲವೂ ಬೆಣಚುಕಲ್ಲಿನ ಗುಡ್ಡಗಳೂ ಒಂದರ ಪಕ್ಕ ಒಂದು ಇವೆ. ಗುಡ್ಡದ ಬುಡದಲ್ಲಿ ಕಲ್ಲುಮಿಶ್ರಿತ ಮಸಾರಿ ನೆಲ, ಅದರಾಚೆ ಹಳ್ಳ, ಹಳ್ಳದಾಚೆ ಹೊಲಗಳು.

ಎರೆ ನೆಲ ಬೆಳೆಗೆ ಒಳ್ಳೆಯದು, ಮನೆಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಆ ಮಣ್ಣಿನಲ್ಲಿ ಗೋಡೆ ನಿಲ್ಲುವುದು ಕಷ್ಟ, ದನಗಳ ಕಾಲಿಗೂ ಕೆಸರು. ಆದುದರಿಂದ ದನಕರು ನಂಬಿದ ಜನರು ಗುಡ್ಡದ ಬುಡದ ಗಟ್ಟಿ ನೆಲವನ್ನೇ ಆಯ್ದುಕೊಂಡರು. ಮೇಯಲು ಗುಡ್ಡ, ಕುಡಿಯಲು ಹಳ್ಳ, ದುಡಿಯಲು ಹೊಲ ಮೂರೂ ಹತ್ತಿರವಿದ್ದ ಜಾಗವೇ ದೊಡ್ಡಿಯ ಜಾಗವಾಯಿತು.

2. ದೊಡ್ಡಿ: ಹಟ್ಟಿಯಿಂದ ಊರಿಗೆ

ದೊಡ್ಡಿ ಎಂದರೆ ದನಗಳನ್ನು ಕೂಡುವ ಬೇಲಿಕಟ್ಟು. ಮೂಲ ಊರಿನಲ್ಲಿ ಮನೆಯಿದ್ದ ಕುಟುಂಬಗಳು ಮೇವಿನ ಕಾಲದಲ್ಲಿ ದನ, ಕುರಿಗಳೊಡನೆ ಹೊಲಕ್ಕೋ ಗುಡ್ಡದ ಬುಡಕ್ಕೋ ಬಂದು ಮುಳ್ಳಿನ ಬೇಲಿ ಕಟ್ಟಿ, ಪಕ್ಕದಲ್ಲಿ ಗುಡಿಸಲು ಹಾಕಿ ಇರುತ್ತಿದ್ದರು. ಮೇವು ಮುಗಿದ ಮೇಲೆ ಮರಳುತ್ತಿದ್ದರು. ಅಣ್ಣತಮ್ಮಂದಿರು ಪಾಲಾದಾಗ ಊರಿನ ಮನೆ ಒಬ್ಬನಿಗೆ, ಹೊಲದ ಗುಡಿಸಲು ಇನ್ನೊಬ್ಬನಿಗೆ ಬರುವುದೂ ಉಂಟು. ಹಾಗೆ ಒಂದು ಮನೆ ಐದಾಗಿ, ಐದು ಮನೆ ಐವತ್ತಾಗಿ, ಗುಡಿಸಲು ಇದ್ದಲ್ಲಿ ಕಲ್ಲಿನ ಗೋಡೆ ಎದ್ದಾಗ ದೊಡ್ಡಿಯೇ ಊರಾಯಿತು. ಮೊದಲು ಬೇಲಿ ಕಟ್ಟಿದ ಮನೆತನದ ಹೆಸರು ಅನೇಕ ದೊಡ್ಡಿಗಳ ಹೆಸರಿನಲ್ಲಿ ಉಳಿದಿರುವುದು ಈ ಕಾರಣದಿಂದ. ಕಕ್ಕೇರಾ, ಕೊಡೇಕಲ್, ನಾರಾಯಣಪುರಗಳ ಸುತ್ತಲಿನ ನೆಲದಲ್ಲಿ ಇಂತಹ ದೊಡ್ಡಿಗಳು ಚದುರಿ ನಿಂತಿವೆ.

ಈ ಜೀವನಕ್ರಮ ಎಷ್ಟು ಹಳೆಯದು ಎಂಬುದಕ್ಕೆ ಜಿಲ್ಲೆಯ ಮಣ್ಣಿನಲ್ಲಿಯೇ ಸಾಕ್ಷ್ಯವಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವ ವಿದ್ವಾಂಸ ಕೆ. ಪದ್ದಯ್ಯ ಅವರು ಅಂದಿನ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ 1989ರಿಂದ ಕೆಲವು ವರ್ಷ ಉತ್ಖನನ ನಡೆಸಿದರು. ಅಲ್ಲಿ ದೊರೆತುದು ನವಶಿಲಾಯುಗದ, ಅಂದರೆ ಸುಮಾರು 4,000 ವರ್ಷಗಳಷ್ಟು ಹಿಂದಿನ ದನಗಾಹಿಗಳ ನೆಲೆ. ದನಗಳನ್ನು ಕೂಡುತ್ತಿದ್ದ ಕಟ್ಟು, ಅದಕ್ಕೆ ಹೊಂದಿಕೊಂಡ ಮನೆಗಳು, ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ ಎಲ್ಲವೂ ಒಂದೇ ಕಡೆ ಗುರುತಿಸಲ್ಪಟ್ಟವು. ಕೂಡಿದ ಸಗಣಿ ಮತ್ತೆ ಮತ್ತೆ ಉರಿದು ಬೂದಿದಿಬ್ಬವಾಗಿತ್ತು. ಊರಿನ ಹೆಸರಿನಲ್ಲಿಯೇ ಬೂದಿ ಉಳಿದಿದೆ. ಕೊಡೇಕಲ್ಲಿನಲ್ಲಿಯೂ ಇಂತಹುದೇ ಬೂದಿದಿಬ್ಬವನ್ನು ಪದ್ದಯ್ಯ ಅವರು ಅದಕ್ಕೂ ಮುಂಚೆ, 1960ರ ದಶಕದಲ್ಲಿ ಅಗೆದು ಪರಿಶೀಲಿಸಿದ್ದರು.

ಇಂದಿನ ದೊಡ್ಡಿಯ ಜನರು ಆ ದನಗಾಹಿಗಳ ನೇರ ಸಂತತಿ ಎಂದು ಇದರಿಂದ ಹೇಳಲಾಗದು. ಆದರೆ ಈ ನೆಲದಲ್ಲಿ ದನದ ಕಟ್ಟಿನ ಸುತ್ತ ಊರು ಬೆಳೆಯುವುದು ಹೊಸ ಸಂಗತಿಯಲ್ಲ ಎಂದು ಹೇಳಬಹುದು. ಸರ್ವೆ ಸಂಖ್ಯೆಗಳು ಬರುವುದಕ್ಕಿಂತ ಬಹುಕಾಲ ಮೊದಲೇ ಇಲ್ಲಿ ದೊಡ್ಡಿಗಳಿದ್ದವು.

3. ಸಂಸ್ಥಾನ, ನಿಜಾಮ ಆಡಳಿತ ಮತ್ತು ಗ್ರಾಮನಕ್ಷೆ

ಸುರಪುರದ ನಾಯಕ ಅರಸರ ಸಂಸ್ಥಾನ ಈ ಗುಡ್ಡಗಾಡಿನ ಬಲದ ಮೇಲೆಯೇ ನಿಂತಿತ್ತು. 1705ರಲ್ಲಿ ಔರಂಗಜೇಬನೇ ಸೈನ್ಯದೊಡನೆ ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಪಿಡ್ಡ ನಾಯಕನ ಪಡೆ ಅವನನ್ನು ಎದುರಿಸಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಬಂಡೆದ್ದು ಸೋತ ಬಳಿಕ ಸಂಸ್ಥಾನ ಕೊನೆಗೊಂಡಿತು. 1860ರಲ್ಲಿ ಬ್ರಿಟಿಷರು ಸುರಪುರ ಸೀಮೆಯನ್ನು ಹೈದರಾಬಾದ್ ನಿಜಾಮರಿಗೆ ಬಿಟ್ಟುಕೊಟ್ಟರು. 1948ರ ಸೆಪ್ಟೆಂಬರ್‌ವರೆಗೆ ಆ ಆಡಳಿತ ನಡೆಯಿತು. 1956ರ ನವೆಂಬರ್ 1ರಂದು ಈ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು.

ಭೂಮಾಪನ ನಡೆದು ಗ್ರಾಮಗಳ ಎಲ್ಲೆ ನಿಗದಿಯಾದಾಗ ಅಳತೆಯ ಅಧಿಕಾರಿಗಳ ಗಮನವಿದ್ದುದು ಕಂದಾಯ ಕೊಡುವ ಜಮೀನಿನ ಮೇಲೆ. ಮುಖ್ಯ ಊರಿನ ಗ್ರಾಮಠಾಣೆಯನ್ನು ಗುರುತಿಸಿದರು. ಉಳಿದುದೆಲ್ಲ ಹೊಲ, ಗಾಯರಾಣ, ಅರಣ್ಯ ಅಥವಾ ಗುಡ್ಡವಾಯಿತು. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಜನರಿರುತ್ತಿದ್ದ ದೊಡ್ಡಿ ಊರೆಂದು ಎಣಿಕೆಯಾಗಲಿಲ್ಲ. ‘ಮಜರೆ’ ಎಂಬ ಪದ ಆ ಕಾಲದ್ದೇ: ಮುಖ್ಯ ಗ್ರಾಮಕ್ಕೆ ಸೇರಿದ ಚಿಕ್ಕ ವಸತಿ. ಮಜರೆಗೆ ಹೆಸರಿತ್ತು, ಸ್ವಂತ ಗ್ರಾಮಠಾಣೆ ಇರಲಿಲ್ಲ. ಇಂದಿನ ಸಮಸ್ಯೆಯ ಬೇರು ಇಲ್ಲಿದೆ. ಜನರು ನೆಲೆನಿಂತರು, ನಕ್ಷೆ ಮಾತ್ರ ಅವರು ಅಲೆಯುತ್ತಿದ್ದ ಕಾಲದ್ದಾಗಿಯೇ ಉಳಿಯಿತು.

4. ತಾಂಡಾ: ದಾರಿಯ ಜನರು ನೆಲೆಗೊಂಡ ಬಗೆ

ತಾಂಡಾ ಎಂಬ ಪದ ಮೊದಲು ಸೂಚಿಸಿದ್ದು ಊರನ್ನಲ್ಲ, ಸಾಗುತ್ತಿರುವ ಎತ್ತುಗಳ ಹಿಂಡನ್ನು. ಲಂಬಾಣಿ ಸಮುದಾಯದವರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದಖ್ಖಣದ ಉದ್ದಗಲಕ್ಕೂ ಸಾಗಿಸುತ್ತಿದ್ದರು. ಸೈನ್ಯಗಳಿಗೆ ಧಾನ್ಯ ಮುಟ್ಟಿಸುತ್ತಿದ್ದವರೂ ಅವರೇ. 1871ರಲ್ಲಿ ಕಲಬುರಗಿ, ಯಾದಗಿರಿಗಳ ಮೂಲಕ ರಾಯಚೂರಿಗೆ ರೈಲುಮಾರ್ಗ ಕೂಡಿ ಮುಂಬಯಿ ಮತ್ತು ಮದರಾಸು ಒಂದಾದವು. ಎತ್ತುಗಳು ತಿಂಗಳುಗಟ್ಟಲೆ ಹೊರುತ್ತಿದ್ದ ಸರಕನ್ನು ರೈಲು ದಿನಗಳಲ್ಲಿ ಸಾಗಿಸಿತು. ಕಸುಬು ಕಳೆದುಕೊಂಡ ತಾಂಡಾಗಳು ಕ್ರಮೇಣ ಗುಡ್ಡದ ಓರೆಯಲ್ಲಿ, ಅರಣ್ಯದ ಅಂಚಿನಲ್ಲಿ, ಊರಿನವರು ಉಳದೆ ಬಿಟ್ಟ ಜಾಗದಲ್ಲಿ ನೆಲೆಗೊಂಡವು.

ತಾಂಡಾಕ್ಕೆ ತನ್ನದೇ ಆಡಳಿತ ಕ್ರಮವಿತ್ತು. ನಾಯಕ, ಡಾವ, ಕಾರಭಾರಿ ಎಂಬ ಹಿರಿಯರು ವ್ಯಾಜ್ಯ ತೀರ್ಮಾನಿಸುತ್ತಿದ್ದರು. ಸೇವಾಲಾಲ್ ಮತ್ತು ಮರಿಯಮ್ಮನ ಗುಡಿ ಊರಿನ ನಡುವೆ ಇರುತ್ತಿತ್ತು. ಹೀಗೆ ತಾಂಡಾ ಒಳಗಿನಿಂದ ಪೂರ್ಣ ಊರು. ಹೊರಗಿನ ದಾಖಲೆಗೆ ಮಾತ್ರ ಬೇರೊಂದು ಊರಿನ ಹೊಲ. ಮಳೆ ನಂಬಿದ ಈ ನೆಲದಿಂದ ಪ್ರತಿವರ್ಷ ಅನೇಕ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಸಮೀಕ್ಷೆಯ ಸಿಬ್ಬಂದಿ ಬಂದ ದಿನ ಬಾಗಿಲಿಗೆ ಬೀಗವಿದ್ದರೆ ಆ ಮನೆ ಪಟ್ಟಿಯಿಂದ ಬಿಟ್ಟುಹೋಗುವ ಅಪಾಯವಿದೆ.

5. ಗಡ್ಡಿ: ನೀರಿನ ನಡುವಿನ ಊರು

ನದಿಯ ಎರಡು ಕವಲುಗಳ ನಡುವಿನ ನೆಲಕ್ಕೆ ಈ ಭಾಗದಲ್ಲಿ ಗಡ್ಡಿ ಎನ್ನುತ್ತಾರೆ. ನೆರೆ ತಂದ ಮೆಕ್ಕಲು ಮಣ್ಣು ಫಲವತ್ತಾದುದರಿಂದ ಜನರು ಅಲ್ಲಿ ನೆಲೆಸಿದರು. ಸುರಪುರ ತಾಲ್ಲೂಕಿನ ಕಕ್ಕೇರಾ ಸಮೀಪದ ನೀಲಕಂಠರಾಯನಗಡ್ಡಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಮೇಲಿನ ನಾರಾಯಣಪುರ ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಗಡ್ಡಿಗೂ ದಡಕ್ಕೂ ಸಂಪರ್ಕ ಕಡಿದುಹೋಗುವುದು ಇಲ್ಲಿನವರ ಅನುಭವ. 2014ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಸೇರಲು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ನೆರವಿನೊಂದಿಗೆ ತುಂಬಿ ಹರಿಯುವ ಕೃಷ್ಣೆಯನ್ನು ಈಜಿ ದಾಟಿದರು. ಆ ಸುದ್ದಿ ದೇಶದಾದ್ಯಂತ ಪ್ರಕಟವಾಯಿತು. 2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್ ತಿಂಗಳ ಪ್ರವಾಹಗಳು ನದಿದಡದ ವಸತಿಗಳೆಲ್ಲಕ್ಕೂ ಇದೇ ಪಾಠವನ್ನು ಹೇಳಿದವು.

ಗಡ್ಡಿಯ ಉದಾಹರಣೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಒಂದು ವಸತಿಯಲ್ಲಿ ಎಷ್ಟು ಮನೆಗಳಿವೆ ಎಂಬುದಷ್ಟೇ ಮುಖ್ಯವಲ್ಲ. ಅದು ವರ್ಷದ ಎಷ್ಟು ದಿನ ಶಾಲೆ, ಆಸ್ಪತ್ರೆ, ಪಡಿತರ ಅಂಗಡಿಗಳಿಂದ ದೂರವಾಗಿರುತ್ತದೆ ಎಂಬುದೂ ದಾಖಲಾಗಬೇಕು. ಜನಸಂಖ್ಯೆಯ ಲೆಕ್ಕದಲ್ಲಿ ಚಿಕ್ಕದಾದ ಊರು ಅಗತ್ಯದ ಲೆಕ್ಕದಲ್ಲಿ ಮೊದಲನೆಯದಾಗಬಹುದು.

6. ಕ್ಯಾಂಪು: ಕಾಲುವೆ ಹುಟ್ಟಿಸಿದ ವಸತಿ

ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು, ಎಡದಂಡೆ ಕಾಲುವೆಯ ನೀರು ಹುಣಸಗಿ, ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಕಾಮಗಾರಿಯ ನೌಕರರಿಗಾಗಿ ಕ್ಯಾಂಪುಗಳು ಎದ್ದವು. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿ ಯೋಜನೆಯ ಕಚೇರಿಗಳಿಂದಲೇ ಬೆಳೆದ ವಸತಿ. ಭತ್ತದ ಕೃಷಿ ಬಲ್ಲ ಆಂಧ್ರದ ರೈತರು ಜಮೀನು ಕೊಂಡು ಕಾಲುವೆಯ ಬದಿಯಲ್ಲಿ ನೆಲೆಸಿದಾಗ ಆ ವಸತಿಗಳಿಗೂ ಕ್ಯಾಂಪು ಎಂಬ ಹೆಸರೇ ಬಂತು. ಕೂಲಿಗೆ ಬಂದವರ ಗುಡಿಸಲುಗಳೂ ಅವುಗಳ ಪಕ್ಕದಲ್ಲಿ ಸೇರಿದವು.

ಕಾಲುವೆಯ ನೀರು ದೊಡ್ಡಿ, ತಾಂಡಾಗಳ ಸ್ಥಿತಿಯನ್ನೂ ಬದಲಿಸಿತು. ಒಣಭೂಮಿಯಾಗಿದ್ದಾಗ ಹೊಲದ ಮೂಲೆಯ ಹತ್ತು ಮನೆಗಳನ್ನು ಪಟ್ಟಾದಾರರು ಆಕ್ಷೇಪಿಸುತ್ತಿರಲಿಲ್ಲ. ಬಾಯಿಮಾತಿನ ಒಪ್ಪಂದವೇ ಸಾಕಾಗಿತ್ತು. ನೀರು ಬಂದು ಭೂಮಿಯ ಬೆಲೆ ಏರಿ, ಜಮೀನು ಕೈಬದಲಾದಾಗ ಹೊಸ ಒಡೆಯರಿಗೆ ಆ ಮಾತು ತಿಳಿದಿರುವುದಿಲ್ಲ. ಬಂಡಿದಾರಿಗೆ ಬೇಲಿ ಬೀಳುತ್ತದೆ, ಸ್ಮಶಾನಕ್ಕೆ ಹೋಗುವ ಹಾದಿ ಮುಚ್ಚುತ್ತದೆ. ಮೂರು ತಲೆಮಾರು ಬಾಳಿದ ಮನೆಗೆ ಒಂದು ಕಾಗದದ ಆಧಾರವೂ ಇಲ್ಲವೆಂಬುದು ಆಗ ಅರಿವಾಗುತ್ತದೆ. ವಸತಿ ಯೋಜನೆಯಲ್ಲಿ ಮನೆ ಮಂಜೂರಾಗಲು ನಿವೇಶನದ ದಾಖಲೆ ಬೇಕು. ಬ್ಯಾಂಕಿನ ಸಾಲಕ್ಕೂ ಬೇಕು. ಅದಿಲ್ಲದ ಕುಟುಂಬ ಅರ್ಹವಾಗಿದ್ದರೂ ಹಿಂದೆ ಉಳಿಯುತ್ತದೆ.

7. ಕಾನೂನಿನ ಉತ್ತರ

ಈ ಅನ್ಯಾಯವನ್ನು ಸರಿಪಡಿಸಲು ಎರಡು ಕಲಮುಗಳಿವೆ. ಖಾಸಗಿ ಜಮೀನಿನಲ್ಲಿರುವ ದಾಖಲೆ ರಹಿತ ಜನವಸತಿಯಲ್ಲಿ ಮನೆ ಕಟ್ಟಿಕೊಂಡ ಕೃಷಿ ಕಾರ್ಮಿಕರನ್ನು ಆ ಮನೆಯ ಜಾಗದ ಮಾಲೀಕರೆಂದು ನೋಂದಾಯಿಸಲು ಕರ್ನಾಟಕ ಭೂಸುಧಾರಣಾ ಅಧಿನಿಯಮ, 1961ರ ಕಲಂ 38-ಎ ಅವಕಾಶ ನೀಡುತ್ತದೆ. ಸರ್ಕಾರಿ ಜಮೀನಿನಲ್ಲಿರುವ ಇಂತಹ ವಸತಿಗಳ ಮನೆಗಳಿಗೆ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 94-ಡಿ ಅನ್ವಯಿಸುತ್ತದೆ. ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪು, ಕಾಲೋನಿ ಮುಂತಾದ ಯಾವ ಹೆಸರಿನ ವಸತಿಯಾದರೂ ಈ ವ್ಯವಸ್ಥೆಯ ಒಳಗೆ ಬರುತ್ತದೆ.

ಕ್ರಮ ಹೀಗಿದೆ. ಮೊದಲು ವಸತಿಯನ್ನು ಗುರುತಿಸಿ ಸಮೀಕ್ಷೆ ನಡೆಸಲಾಗುತ್ತದೆ. ಪ್ರಾಥಮಿಕ ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಲಾಗುತ್ತದೆ. ಅಂತಿಮ ಅಧಿಸೂಚನೆಯೊಂದಿಗೆ ವಸತಿ ಕಂದಾಯ ಗ್ರಾಮವಾಗುತ್ತದೆ. ಬಳಿಕ ಮನೆ ಮನೆಗೆ ಹಕ್ಕುಪತ್ರ, ಅದರ ನೋಂದಣಿ, ಕೊನೆಗೆ ಗ್ರಾಮ ಪಂಚಾಯತಿಯ ಇ-ಸ್ವತ್ತು ಖಾತೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆ ರಹಿತ ಜನವಸತಿಗಳನ್ನು ಹೊಸ ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಲಾಯಿತು. ಅದೇ ದಿನ ಕೊಡೇಕಲ್ಲಿನಲ್ಲಿ ಯಾದಗಿರಿ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಶಂಕುಸ್ಥಾಪನೆ ನಡೆಯಿತು. 700ಕ್ಕೂ ಹೆಚ್ಚು ಗ್ರಾಮೀಣ ಜನವಸತಿಗಳು ಮತ್ತು ಮೂರು ಪಟ್ಟಣಗಳು ಅದರ ವ್ಯಾಪ್ತಿಯಲ್ಲಿವೆ. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯದ ಇಂತಹ ವಸತಿಗಳ 1,11,111 ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆಯಿತು.

ಅಧಿಸೂಚನೆ ಹೊರಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಗ್ರಾಮಕ್ಕೆ ಹೆಸರು ಬಂದು, ಮನೆಗೆ ಹಕ್ಕುಪತ್ರ ಬಾರದೆ ಇರಬಹುದು. ಹಕ್ಕುಪತ್ರ ಬಂದು, ಪಂಚಾಯತಿಯ ಖಾತೆಯಲ್ಲಿ ಹೆಸರು ಏರದೆ ಇರಬಹುದು. ಮನೆಗಳು ದಾಖಲಾಗಿ, ರಸ್ತೆ, ಸ್ಮಶಾನ, ಅಂಗನವಾಡಿಯ ಜಾಗ ನಕ್ಷೆಯಿಂದ ಬಿಟ್ಟುಹೋಗಿರಬಹುದು. ಮನೆಗಳಿದ್ದು ದಾರಿಯಿಲ್ಲದ ಗ್ರಾಮಠಾಣೆ ಹಳೆಯ ತಕರಾರನ್ನೇ ಹೊಸ ನಕ್ಷೆಗೆ ಹೊತ್ತುತರುತ್ತದೆ.

8. ಸದಸ್ಯರು ಮಾಡಬಹುದಾದುದು

ವಸತಿಯ ಚರಿತ್ರೆಯನ್ನು ಬರೆದಿಡುವುದು ಮೊದಲ ಕೆಲಸ. ಎರಡು ಪುಟ ಸಾಕು. ಮೊದಲು ಬಂದ ಮನೆತನ ಯಾವುದು, ಯಾವ ಊರಿನಿಂದ ಬಂದರು, ಯಾವ ಬರ ಅಥವಾ ನೆರೆಯ ಆಸುಪಾಸಿನಲ್ಲಿ ಬಂದರು, ಗುಡಿ ಕಟ್ಟಿದ್ದು ಯಾರ ಕಾಲದಲ್ಲಿ, ಮೊದಲ ಬಾವಿ ಅಥವಾ ಕೊಳವೆಬಾವಿ ಯಾವಾಗ, ವಿದ್ಯುತ್ ಬಂದದ್ದು ಯಾವಾಗ ಎಂಬುದನ್ನು ಹಿರಿಯರಿಂದ ಕೇಳಿ ಬರೆಯಬೇಕು. ಹಿರಿಯರ ನೆನಪಿಗೆ ಕಾಗದದ ಆಸರೆಯೂ ಬೇಕು. ಹಳೆಯ ಮತದಾರರ ಪಟ್ಟಿ, ಶಾಲಾ ದಾಖಲಾತಿ ವಹಿ, ವಿದ್ಯುತ್ ಬಿಲ್ಲು, ಪಡಿತರ ಚೀಟಿ, ಪಂಚಾಯತಿಯ ಹಳೆಯ ತೆರಿಗೆ ರಸೀದಿಗಳು ಆ ವಸತಿ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ ಒಳ್ಳೆಯ ಪುರಾವೆಗಳು.

ಎರಡನೆಯದು ಕೈನಕ್ಷೆ. ಮನೆಗಳು, ಬಂಡಿದಾರಿ, ಹಳ್ಳ, ನೀರಿನ ಮೂಲ, ಗುಡಿ, ಸ್ಮಶಾನ, ದನಗಳ ಹಾದಿ ಎಲ್ಲವನ್ನೂ ಜನರ ಮುಂದೆಯೇ ಗುರುತಿಸಬೇಕು. ಭೂಮಾಪಕರು ಬಂದ ದಿನ ಈ ನಕ್ಷೆ ಕೈಯಲ್ಲಿದ್ದರೆ ದಾರಿ ಬಿಟ್ಟುಹೋಗದು.

ಮೂರನೆಯದು ಸಭೆಯ ಕಾಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ವ್ಯವಸ್ಥೆಯಲ್ಲಿ ಜನವಸತಿ ಸಭೆ, ವಾರ್ಡ್ ಸಭೆ, ಗ್ರಾಮ ಸಭೆ ಎಂಬ ಮೂರು ಹಂತಗಳಿವೆ. ಜನವಸತಿ ಸಭೆ ದೊಡ್ಡಿಯಲ್ಲಿಯೇ, ತಾಂಡಾದಲ್ಲಿಯೇ ನಡೆಯಬೇಕು. ಗುಳೆ ಹೋದವರು ದೀಪಾವಳಿಗೆ, ಹೋಳಿಗೆ ಮರಳುವುದರಿಂದ ಆ ದಿನಗಳ ಆಸುಪಾಸಿನಲ್ಲಿ ಸಭೆ ಕರೆದರೆ ಮನೆಪಟ್ಟಿ ಪೂರ್ಣವಾಗುತ್ತದೆ. ಬೀಗ ಹಾಕಿದ ಮನೆಗಳನ್ನು ‘ಖಾಲಿ’ ಎಂದು ಬರೆಯದೆ, ‘ಗುಳೆ ಹೋಗಿದ್ದಾರೆ’ ಎಂದು ನಮೂದಿಸಿ ನೆರೆಯವರ ಸಹಿ ಪಡೆಯುವುದು ಉತ್ತಮ.

ನಾಲ್ಕನೆಯದು ಹೆಸರು. ಕಂದಾಯ ಗ್ರಾಮವಾಗುವಾಗ ಹೊಸ ಹೆಸರಿಡುವ ಉತ್ಸಾಹ ಸಹಜ. ಆದರೆ ಹಳೆಯ ಹೆಸರೇ ವಸತಿಯ ಮೊದಲ ದಾಖಲೆ. ಹೊಸ ಹೆಸರಿಟ್ಟರೂ ಹಳೆಯ ಹೆಸರನ್ನು ನಡಾವಳಿಯಲ್ಲಿ ಬರೆದಿಡಬೇಕು. ಬೂದಿಹಾಳದ ಹೆಸರು ಬದಲಾಗಿದ್ದರೆ ಅಲ್ಲಿನ ಬೂದಿಯ ನೆನಪು ಜನರ ಬಾಯಲ್ಲಿ ಉಳಿಯುತ್ತಿರಲಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿರುವ ದೊಡ್ಡಿ, ತಾಂಡಾ, ಗಡ್ಡಿ, ಕ್ಯಾಂಪುಗಳೆಷ್ಟು? ಅವುಗಳಲ್ಲಿ ಕಂದಾಯ ಗ್ರಾಮವಾದವು ಯಾವುವು, ಬಾಕಿ ಉಳಿದವು ಯಾವುವು?

2. ಬಾಕಿ ಉಳಿದ ವಸತಿ ಸರ್ಕಾರಿ ಜಮೀನಿನಲ್ಲಿದೆಯೇ, ಖಾಸಗಿ ಜಮೀನಿನಲ್ಲಿದೆಯೇ? ಯಾವ ಕಲಂ ಅನ್ವಯಿಸುತ್ತದೆ?

3. ಹಕ್ಕುಪತ್ರ ಪಡೆದ ಕುಟುಂಬಗಳಲ್ಲಿ ಎಷ್ಟು ಮಂದಿಯ ಹೆಸರು ಇ-ಸ್ವತ್ತು ಖಾತೆಗೆ ಏರಿದೆ?

4. ಪ್ರತಿ ವಸತಿಗೂ ಸ್ಮಶಾನ ಮತ್ತು ಸಾರ್ವಜನಿಕ ದಾರಿ ನಕ್ಷೆಯಲ್ಲಿ ಗುರುತಾಗಿವೆಯೇ?

5. ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುವ ವಸತಿಗಳು ಯಾವುವು? ಗರ್ಭಿಣಿಯರು, ರೋಗಿಗಳು ಮತ್ತು ಶಾಲಾ ಮಕ್ಕಳಿಗಾಗಿ ಮುಂಚಿತವಾಗಿ ಮಾಡಿರುವ ಏರ್ಪಾಡು ಏನು?

ಈ ಐದು ಪ್ರಶ್ನೆಗಳ ಉತ್ತರವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ, ನಡಾವಳಿ ಪುಸ್ತಕದಲ್ಲಿ ವಸತಿವಾರು ದಾಖಲಿಸಬಹುದು. ಜನರಿಲ್ಲದ ಬೇಚರಾಕ್ ಗ್ರಾಮಕ್ಕೂ ದಾಖಲೆಯಲ್ಲಿ ಒಂದು ಪುಟವಿದೆ. ಪ್ರತಿ ಸಂಜೆ ದೀಪ ಹತ್ತುವ ದೊಡ್ಡಿಗೂ ತಾಂಡಾಕ್ಕೂ ಅಂತಹುದೇ ಒಂದು ಪುಟ ದೊರೆಯಬೇಕಾದುದು ನ್ಯಾಯ.